ಬಾವನವರ ಟ್ರಾಲಿ ವಿಚಾರ, ಸ್ವಲ್ಪ ಉದ್ದವಾಗುತ್ತದೆ

ಪುಟ್ಟಿ, ನಿನ್ನೆ ರಾತ್ರಿ ಗುಂಪಿನಲ್ಲಿ ನೀನು ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತಿದ್ದೇನೆ. ಅಂಗಡಿ ತೆಗೆದು, ದೀಪ ಹಚ್ಚಿ ಕೂತಿದ್ದೇನೆ. ಬಾಗಲೂರು ರಸ್ತೆಯಲ್ಲಿ ಈ ಹೊತ್ತಿಗೆ ಗುಲಾಬಿ ಹೂವಿನ ಗಾಡಿಗಳದೇ ಸದ್ದು, ನಡುವೆ ಹಾರ್ನ್ ಕೇಳಿದರೆ ಸಹಿಸಿಕೊಳ್ಳಿ. ಬಾವನವರು ಈ ಗುಂಪಿನಲ್ಲಿಲ್ಲ ಎಂದು ಎರಡು ಸಲ ನೋಡಿಕೊಂಡೇ ಮಾತಾಡುತ್ತಿದ್ದೇನೆ.

ಅಪ್ಪನ ಹುಟ್ಟುಹಬ್ಬಕ್ಕೆ ನೀವು ಮೂವರೂ ದುಡ್ಡು ಸೇರಿಸಿ, ಗಾಲ್ಫ್ ಬ್ಯಾಗ್ ಹೊತ್ತು ಹಿಂದೆ ಹಿಂದೆ ತಾನಾಗಿ ಬರುವ ಬ್ಯಾಟರಿ ಟ್ರಾಲಿ ಕೊಡಿಸಬೇಕು, ಮಾವ ಸೈಕಲ್ ಅಂಗಡಿಯವನು, ಯಾವುದೆಂದು ಹೇಳಲಿ ಎಂದೆ. ಅದರ ಕೆಳಗೆ ದೊಡ್ಡಕ್ಕ, "ಈ ವಯಸ್ಸಿನಲ್ಲಿ ನಡೆಯುವುದೇನು, ಮೈದಾನದ ಬಗ್ಗಿ ಗಾಡಿಯಲ್ಲಿ ಕೂತು ಹೋಗಲಿ" ಎಂದಿದ್ದಾಳೆ. ದೊಡ್ಡಕ್ಕ, ಬಾವನವರು ಗಾಲ್ಫ್ ಹಿಡಿದದ್ದೇ ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಿರಿ ಎಂದದ್ದರಿಂದ. ಪೂರ್ತಿ ಆಟದ 18 ಕುಳಿ ಮುಗಿಯುವಷ್ಟರಲ್ಲಿ 8ರಿಂದ 10 ಕಿಲೋಮೀಟರ್ ನಡಿಗೆ ಆಗಿರುತ್ತದೆ. ಬಗ್ಗಿ ಹತ್ತಿಸಿದರೆ ಔಷಧವನ್ನು ಮೋರಿಗೆ ಸುರಿದ ಹಾಗೆ. ಆ ಮಾತು ಅಲ್ಲಿಗೆ ಬಿಡೋಣ.

ಪುಟ್ಟಿ, ಟ್ರಾಲಿಗಿಂತ ಮೊದಲು ಆ ಬ್ಯಾಗನ್ನು ನೋಡಬೇಕು. ಹೋದ ತಿಂಗಳು ಜಿಪ್ ಕಿತ್ತುಹೋಗಿದೆ ಎಂದು ಬಾವನವರೇ ಅದನ್ನು ಅಂಗಡಿಗೆ ತಂದಿದ್ದರು. ಎತ್ತಿದ ತಕ್ಷಣ ನನ್ನ ಸೊಂಟ ಹಿಡಿಯಿತು. ಪಕ್ಕದ ಹಳೆ ಪೇಪರ್ ಅಂಗಡಿಯ ಕೊಕ್ಕೆ ತಕ್ಕಡಿಗೆ ನೇತುಹಾಕಿದೆ: 14 ಕಿಲೋ 200 ಗ್ರಾಂ. ಒಳಗೆ ಕೈ ಹಾಕಿದರೆ ಚೆಂಡುಗಳು ಬಂದವು, ಬರುತ್ತಲೇ ಇದ್ದವು, 31 ಚೆಂಡು. ಒಂದಕ್ಕೆ 46 ಗ್ರಾಂ ಹಿಡಿದರೂ ಅಲ್ಲೇ ಸುಮಾರು ಒಂದೂವರೆ ಕಿಲೋ. ಲೀಟರಿನ ಎರಡು ನೀರಿನ ಬಾಟಲಿ, ಒದ್ದೆ ಮಳೆಕೋಟು, ಒಣಗಿ ಹಪ್ಪಳವಾದ ಮೂರು ಕೈಗವಸು, ತಳದಲ್ಲಿ ಅಕ್ಕ ಎಂದೋ ಕಟ್ಟಿಕೊಟ್ಟ ಕೋಡುಬಳೆಯ ಡಬ್ಬಿ. ಡಬ್ಬಿಯನ್ನು ನಾನು ತೆರೆಯಲಿಲ್ಲ. ಆ ಬ್ಯಾಗಾದರೂ ಬಗ್ಗಿಗೆ ಕಟ್ಟಲೆಂದು ಮಾಡಿದ್ದು, ಖಾಲಿಯಿದ್ದಾಗಲೇ ಮೂರು ಕಿಲೋ ದಾಟುತ್ತದೆ. ನಡೆಯುವವರಿಗೆ ಎರಡು, ಎರಡೂವರೆ ಕಿಲೋದ ಬ್ಯಾಗ್ ಸಿಗುತ್ತದೆ. ನೆಲಕ್ಕಿಟ್ಟರೆ ಎರಡು ಕಾಲು ತಾನಾಗಿ ಚಾಚಿಕೊಂಡು ನಿಲ್ಲುತ್ತದೆ, ಪ್ರತಿ ಹೊಡೆತಕ್ಕೂ ಬಾಗಿ ಎತ್ತುವ ಕಷ್ಟವಿಲ್ಲ.

ಚೆಂಡು ಹೊಡೆಯುವ ಕೋಲುಗಳ ಲೆಕ್ಕವೂ ಇದೆ. ನಿಯಮದ ಪ್ರಕಾರ 14ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದವರು 1938ರಲ್ಲಿ, ಬ್ರಿಟನ್ನಿನವರು 1939ರಲ್ಲಿ ಈ ಮಿತಿ ಹಾಕಿದರು. ಅದಕ್ಕೆ ಮುಂಚೆ ಕೆಲವರು ಇಪ್ಪತ್ತಕ್ಕೂ ಮೀರಿ, ಬ್ಯಾಗ್ ಹೊರುವ ಆಳಾದ ಕ್ಯಾಡಿಯ ಹೆಗಲಿಗೆ ಹೇರುತ್ತಿದ್ದರು. ಆದರೆ 14 ಇರಲೇಬೇಕು ಎಂದು ಎಲ್ಲೂ ಬರೆದಿಲ್ಲ. ಬಾವನವರನ್ನೇ ಕೇಳಿದೆ, ದಿಟವಾಗಿ ಎಷ್ಟು ಬಳಸುತ್ತೀರಿ ಎಂದು. ಎಣಿಸಿ ಎಣಿಸಿ ಒಂಬತ್ತಕ್ಕೆ ನಿಂತರು. ಮಿಕ್ಕ ಐದು ಮೈದಾನ ನೋಡಲು ಬರುತ್ತವೆ!

ಹೆಗಲ ಮೇಲೆ ಹೊರುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಾದ ಊಟಿಯಲ್ಲಿ ಎರಡು ತಿಂಗಳು ಸಾಹೇಬರುಗಳ ಬ್ಯಾಗ್ ಹೊತ್ತವನು ನಾನು. ಆಗ ಒಂದೇ ಪಟ್ಟಿಯ ಚರ್ಮದ ಬ್ಯಾಗು. ಸಂಜೆ ಅಂಗಿ ಬಿಚ್ಚಿದರೆ ಬಲಹೆಗಲಿನಲ್ಲಿ ಕೆಂಪು ಬರೆ, ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದಳು. ಎರಡು ಹೆಗಲಿಗೂ ಪಟ್ಟಿ ಬರುವ ಬ್ಯಾಗು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಕಾವಡಿ ಹೊರುವವನಿಗೆ ತಲೆತಲಾಂತರದಿಂದ ತಿಳಿದಿದ್ದ ಸಂಗತಿ ಇವರಿಗೆ ಅಷ್ಟು ತಡವಾಗಿ ಹೊಳೆಯಿತು. ಬಾವನವರ ಬಲಭುಜ ನೋಯುತ್ತದೆ ಎಂದು ಅಕ್ಕ ಹೇಳುತ್ತಿರುವುದರಿಂದ ಹೊರುವ ಮಾತು ಈಗ ಬೇಡ. ಒಂಬತ್ತೇ ಕುಳಿ ಆಡುವ ದಿನ ಆರೇಳು ಕೋಲು ಹಿಡಿಸುವ ತೆಳು ಚೀಲ ಸಾಕು, ಅದರ ತೂಕ ಒಂದು ಕಿಲೋದ ಆಸುಪಾಸು.

ಇನ್ನು ಚಕ್ರ. ಎರಡು ಚಕ್ರದ ಎಳೆಯುವ ಟ್ರಾಲಿ ಅಗ್ಗ, ಅದನ್ನು ಕೊಳ್ಳಬೇಡ. ಕೈ ಹಿಂದಕ್ಕೆ ತಿರುಚಿಕೊಂಡೇ ಇರುತ್ತದೆ, ಭಾರವೆಲ್ಲ ಒಂದೇ ಭುಜಕ್ಕೆ. ನಮ್ಮ ಬೀದಿಯ ತರಕಾರಿ ತಳ್ಳುಗಾಡಿಯವನನ್ನು ನೋಡು, ಒಂದು ದಿನವಾದರೂ ಗಾಡಿಯನ್ನು ಬೆನ್ನ ಹಿಂದೆ ಎಳೆದುಕೊಂಡು ಬಂದಿದ್ದಾನೆಯೇ? ಮೂರು ಚಕ್ರದ ತಳ್ಳುವ ಟ್ರಾಲಿಯೇ ಸರಿ. ಎರಡೂ ಕೈ ಮುಂದಿರುತ್ತವೆ, ಮೈಭಾರವೇ ಗಾಡಿಯನ್ನು ನೂಕುತ್ತದೆ. ಅದರ ತೂಕ ಆರರಿಂದ ಎಂಟು ಕಿಲೋ.

ಕೊಳ್ಳುವಾಗ ಇದನ್ನು ನೋಡು. ಗಾಳಿ ತುಂಬುವ ಚಕ್ರ ಬೇಡ, ಗಟ್ಟಿ ಫೋಮಿನದು ಇರಲಿ. ಪಂಕ್ಚರ್ ಹಾಕಿ ಬದುಕುವ ನಾನೇ ಹೇಳುತ್ತಿದ್ದೇನೆ, ನಂಬು. ಹಿಡಿಕೆಯ ಎತ್ತರ ಬದಲಾಯಿಸಲು ಬರಬೇಕು, ಬಾವನವರು ಎತ್ತರದ ಆಳು. ಬ್ರೇಕ್ ಇರಲೇಬೇಕು. ಮುಂದಿನ ಚಕ್ರವನ್ನು ನೇರ ಮಾಡುವ ತಿರುಪು ಇದೆಯೇ ನೋಡು, ಇಲ್ಲದಿದ್ದರೆ ಆರು ತಿಂಗಳಿಗೆ ಗಾಡಿ ಎಡಕ್ಕೋ ಬಲಕ್ಕೋ ಎಳೆಯತೊಡಗುತ್ತದೆ, ತಿದ್ದಿ ತಿದ್ದಿ ಮಣಿಕಟ್ಟು ಸೋಲುತ್ತದೆ. ಮಡಿಸಿದಾಗ ಬ್ಯಾಗಿನ ಜೊತೆಗೆ ನಿಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಅಳೆದುಕೋ. ನಮ್ಮ ಕೆಂಪು ಮಣ್ಣು ಮಳೆಯಲ್ಲಿ ಅಂಟಿನಂತೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಆಡಿ ಬಂದ ದಿನವೇ ತೊಳೆಯದಿದ್ದರೆ ಬೇರಿಂಗ್ ಹೋಗುತ್ತದೆ, ಆಮೇಲೆ ಕಿರುಗುಟ್ಟುವ ಗಾಡಿಯನ್ನು ನನ್ನ ಹತ್ತಿರವೇ ತರುತ್ತಾರೆ.

ಬ್ಯಾಟರಿ ಟ್ರಾಲಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಏರಿಳಿತ ಜಾಸ್ತಿಯಿರುವ ಮೈದಾನದಲ್ಲಿ, ಮಂಡಿ ಸೋತವರಿಗೆ ಅದು ದೊಡ್ಡ ಆಸರೆ. ಹಿಂದಿನ ಸೀಸದ ಬ್ಯಾಟರಿಯ ತೂಕಕ್ಕೆ ಹೋಲಿಸಿದರೆ ಈಗಿನ ಲಿಥಿಯಂ ಬ್ಯಾಟರಿ ಹತ್ತಿಯಂತೆ ಹಗುರ. ಆದರೆ ಬಾವನವರ ನೋವು ಇರುವುದು ಭುಜದಲ್ಲಿ, ಕಾಲಿನಲ್ಲಲ್ಲ. ಮೋಟರು, ಬ್ಯಾಟರಿ ಸೇರಿ ಹತ್ತು ಕಿಲೋ ಮೀರುವ ಗಾಡಿಯನ್ನು ಡಿಕ್ಕಿಗೆ ಎತ್ತಿ ಇಳಿಸುವವರು ಯಾರು? ಮೈದಾನದಲ್ಲಿ ಉಳಿಸಿದ ಭುಜವನ್ನು ಕಾರಿನ ಹತ್ತಿರ ಕಳೆದುಕೊಳ್ಳುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಟರಿ ಬಿಟ್ಟರೆ ಅದರ ಆಯಸ್ಸೂ ಕಡಿಮೆ, ಬಾವನವರ ಮರೆವು ನಿಮಗೆಲ್ಲ ಗೊತ್ತು.

ಹಿಂದೆ ಹಿಂದೆ ಬರುವ ಜಾತಿಯ ಒಂದು ನನ್ನ ಅಂಗಡಿಗೆ ಬಂದಿತ್ತು. ಯಜಮಾನರು ಫೋನ್ ಬಂತೆಂದು ಇಳಿಜಾರಿನಲ್ಲಿ ನಿಂತರು, ಗಾಡಿ ನಿಲ್ಲಲಿಲ್ಲ. ಅವರನ್ನು ದಾಟಿಕೊಂಡು ಮರ್ಯಾದೆಯಿಂದ ಕೆರೆಗೆ ಇಳಿಯಿತು. ಎಲ್ಲ ಟ್ರಾಲಿಗೂ ಇಳಿಜಾರಿನಲ್ಲಿ ತಾನೇ ಹಿಡಿದುಕೊಳ್ಳುವ ಬ್ರೇಕ್ ಇರುವುದಿಲ್ಲ. ಮೋಟರ್ ಬಿಚ್ಚಿದಾಗ ಒಂದು ಲೋಟ ನೀರು, ಸ್ವಲ್ಪ ಪಾಚಿ. ಬಿಡಿಭಾಗಕ್ಕೆ ಮೂರು ತಿಂಗಳು ಕಾದು ಕೊನೆಗೆ ಅವರು ತಳ್ಳುವ ಗಾಡಿಗೇ ಬಂದರು.

ಇರು, ಒಬ್ಬರು ಗಾಳಿ ಹಾಕಿಸಲು ಬಂದರು.

ಹ್ಞಾಂ. ಕ್ಯಾಡಿ ವಿಷಯ ಬಾಕಿ ಉಳಿಯಿತು. ದುಡ್ಡು ದಂಡ ಎಂದು ಬಾವನವರು ಕ್ಯಾಡಿಯನ್ನು ಕರೆಯುವುದಿಲ್ಲ, ಅದು ಮಾತ್ರ ನನಗೆ ಹಿಡಿಸುವುದಿಲ್ಲ. ಕ್ಯಾಡಿ ಬರೀ ಹಮಾಲಿಯಲ್ಲ. ಚೆಂಡು ಯಾವ ಪೊದೆಯ ಬುಡಕ್ಕೆ ಹೋಯಿತೆಂದು ಕಣ್ಣಿಟ್ಟು ನೋಡುವವನು, ಕೋಲಿನ ಮಣ್ಣು ಒರೆಸುವವನು, ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು, ಅಂದರೆ ಗ್ರೀನ್, ಯಾವ ಕಡೆ ವಾಲಿದೆ ಎಂದು ತಿಳಿದವನು. 1991ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿ ಗೆದ್ದ ಮೊದಲ ಭಾರತೀಯ ಅಲಿ ಶೇರ್ ಕ್ಯಾಡಿಯಾಗಿ ದುಡಿದವರೇ. 1913ರಲ್ಲಿ ಅಮೆರಿಕದ ಓಪನ್ ಗೆದ್ದ ಫ್ರಾನ್ಸಿಸ್ ವಿಮೆಟ್ ಅವರ ಬ್ಯಾಗು ಹೊತ್ತದ್ದು ಎಡ್ಡಿ ಲೋವರಿ ಎಂಬ ಹತ್ತು ವರ್ಷದ ಹುಡುಗ. ಭುಜ ನೋಯುವ ದಿನವಾದರೂ ಕ್ಯಾಡಿ ಇರಲಿ, ಟ್ರಾಲಿಯನ್ನು ಅವನೇ ತಳ್ಳಲಿ. ಕೂಲಿ ಕೊಡುವಾಗ ಚೌಕಾಸಿ ಬೇಡವೆಂದು ನೀನೇ ಹೇಳು, ನಾನು ಹೇಳಿದರೆ ಕೇಳುವುದಿಲ್ಲ.

ಟ್ರಾಲಿ ಕೈಗೆ ಬಂದ ಮೇಲೆ ಗ್ರೀನಿನ ಮೇಲೆ, ಪ್ರತಿ ಕುಳಿಗೆ ಮೊದಲ ಹೊಡೆತ ಹೊಡೆಯುವ ಟೀ ಕಟ್ಟೆಯ ಮೇಲೆ ಹತ್ತಿಸಬಾರದು. ಮುಂದಿನ ಟೀಗೆ ಹೋಗುವ ಬದಿಯಲ್ಲಿ ನಿಲ್ಲಿಸಿದರೆ ಹಿಂದಿನವರು ಬೈಯುವುದಿಲ್ಲ. ಮಳೆ ಜೋರಾದ ದಿನ ಕೆಲವು ಮೈದಾನಗಳಲ್ಲಿ ಚಕ್ರವನ್ನೇ ಬಿಡುವುದಿಲ್ಲ, ತೆಳು ಚೀಲ ಆಗ ಕೆಲಸಕ್ಕೆ ಬರುತ್ತದೆ. ತಮ್ಮದೇ ಟ್ರಾಲಿಗೆ ಚೆಂಡು ಅಕಸ್ಮಾತ್ ತಗುಲಿದರೆ ದಂಡವೆಂದು ಬಾವನವರು ಈಗಲೂ ಹೆದರುತ್ತಾರೆ. ಆ ದಂಡವನ್ನು 2019ರಲ್ಲೇ ತೆಗೆದುಹಾಕಿದ್ದಾರೆ ಎಂದು ತಿಳಿಸು.

ಹಾಗಾಗಿ ಪುಟ್ಟಿ, ಕಾಲಿರುವ ಹಗುರ ಬ್ಯಾಗ್ ಒಂದು, ಮೂರು ಚಕ್ರದ ಟ್ರಾಲಿ ಒಂದು. ನೀವು ಸೇರಿಸಿದ ದುಡ್ಡಿನಲ್ಲಿ ಉಳಿದದ್ದಕ್ಕೆ ಒಳ್ಳೆಯ ಬೂಟು ತೆಗೆದುಕೊಡಿ, ಈಗಿನದರ ಅಡಿ ಸವೆದು ನುಣ್ಣಗಾಗಿದೆ. ಟ್ರಾಲಿಯನ್ನು ಮನೆಗೆ ತರಿಸಬೇಡ, ಬಾವನವರ ಕಣ್ಣಿಗೆ ಬೀಳುತ್ತದೆ. ನನ್ನ ಅಂಗಡಿಯ ವಿಳಾಸ ಕೊಡು. ಮುಂದಿನ ಚಕ್ರ ನೇರ ಮಾಡಿ, ಬ್ರೇಕ್ ಕೇಬಲ್ ಬಿಗಿದು ಇಡುತ್ತೇನೆ. ಅಕ್ಕ, ನಿನಗೊಂದು ಕೆಲಸ: ಆ ಕೋಡುಬಳೆ ಡಬ್ಬಿಯನ್ನು ಬ್ಯಾಗಿನಿಂದ ನೀನೇ ತೆಗೆ.