ಹುಲ್ಲಿನ ಬೋಳು, ಕಡಿದ ಬೋಳು: ಸ್ಮೋಕಿ ಬೆಟ್ಟಗಳ ಹಳೆಯ ಫೋಟೋಗಳಿಗೆ ಪದ ಬೇಕು

ಗೆಳೆಯರಿಗೆಲ್ಲ ನಮಸ್ಕಾರ.

ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳ ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ‘ಬಾಲ್ಡ್’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ.

ಬೆಟ್ಟದ ನೆತ್ತಿಯಲ್ಲಿ ಮರಗಳಿಲ್ಲದೆ ಬರೀ ಹುಲ್ಲು ಬೆಳೆದ ಬಯಲಿಗೆ ಅಲ್ಲಿನವರು ಬಾಲ್ಡ್ ಅಂತಾರೆ. ಗ್ರೆಗರಿ ಬಾಲ್ಡ್, ಆಂಡ್ರೂಸ್ ಬಾಲ್ಡ್ ಅಂತ ಜಾಗದ ಹೆಸರುಗಳೇ ಇವೆ. ಗ್ರೆಗರಿ ಬಾಲ್ಡ್‌ಗೆ ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನ ಇಟ್ಟ ಹೆಸರಿನ ಅರ್ಥ ‘ಮೊಲದ ಜಾಗ’. ಚಳಿಗೆ ಮರ ಬೆಳೆಯದಷ್ಟು ಎತ್ತರವೂ ಅಲ್ಲ. ಈ ಬೆಟ್ಟಗಳಲ್ಲೇ ಎಲ್ಲಕ್ಕಿಂತ ಎತ್ತರದ, 6,643 ಅಡಿಯ ಕುವೋಹಿ ಶಿಖರದ ಮೇಲೂ ಮರಗಳಿವೆ. ಈ ಬಯಲುಗಳು ಹೇಗಾದವು ಅನ್ನುವುದರಲ್ಲಿ ತಜ್ಞರಿಗೆ ಇನ್ನೂ ಒಮ್ಮತವಿಲ್ಲ. ಬೇಸಿಗೆಯಲ್ಲಿ ಕಣಿವೆಯ ರೈತರು ದನ ಹೊಡೆದುಕೊಂಡು ಬಂದು ಅಲ್ಲಿ ಮೇಯಿಸುತ್ತಿದ್ದರು. ನ್ಯಾಷನಲ್ ಪಾರ್ಕ್ ಆದ ಮೇಲೆ ಅದು ನಿಂತಿತು, ಪೊದೆ-ಮರ ನುಗ್ಗಿದವು. ಈಗ ಈ ಎರಡು ಬಯಲುಗಳನ್ನು ಪಾರ್ಕಿನವರೇ ಸವರಿ ಉಳಿಸಿಕೊಂಡಿದ್ದಾರೆ.

ಹಾಗಾದರೆ ‘ಬೋಳು ಗುಡ್ಡ’ ಅಂದರೆ ಸಾಕಲ್ವಾ? ಸಾಲದು. ಯಾಕೆ ಅನ್ನುವುದಕ್ಕೆ ಈ ಫೋಟೋಗಳ ಹಿನ್ನೆಲೆ ಹೇಳಬೇಕು.

ಇವುಗಳಲ್ಲಿ ಜಾಸ್ತಿ ಜಾರ್ಜ್ ಮಾಸಾ ತೆಗೆದವು. ಜಪಾನಿನಿಂದ ಬಂದ ಆತ 1915ರಲ್ಲಿ ಆಶ್‌ವಿಲ್ ಊರಿನ ಗ್ರೋವ್ ಪಾರ್ಕ್ ಇನ್ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ಫೋಟೋಗ್ರಾಫರ್ ಆದ. ಭಾರದ ಕ್ಯಾಮೆರಾ ಹೊತ್ತು ಏಣು ಹತ್ತಿ, ಮಂಜು ಸರಿದು ಬೆಳಕು ಹದಕ್ಕೆ ಬರುವ ತನಕ ಕಾಯುತ್ತಿದ್ದ. ಕಾಲುದಾರಿಗಳ ಉದ್ದ ಅಳೆಯಲು ಮೀಟರ್ ಕಟ್ಟಿದ ಸೈಕಲ್ ಚಕ್ರವೊಂದನ್ನು ತಳ್ಳಿಕೊಂಡು ಬೆಟ್ಟವೆಲ್ಲ ನಡೆದ. ಲೇಖಕ ಹೊರೇಸ್ ಕೆಫಾರ್ಟ್ ಆತನ ಜೊತೆಗಾರ. ಒಬ್ಬ ಬರೆದ, ಇನ್ನೊಬ್ಬ ತೋರಿಸಿದ. ಆಗ ಮರದ ಕಂಪನಿಗಳು ರೈಲು ಹಾಕಿಸಿ ಇಳಿಜಾರಿಗೆ ಇಳಿಜಾರೇ ಕಡಿಯುತ್ತಿದ್ದವು. ಅದನ್ನು ನಿಲ್ಲಿಸಿ ಪಾರ್ಕ್ ಮಾಡಿಸುವುದೇ ಇಬ್ಬರ ಹಟ. ಕೆಫಾರ್ಟ್ 1931ರಲ್ಲಿ, ಮಾಸಾ 1933ರಲ್ಲಿ ತೀರಿಕೊಂಡರು. ಪಾರ್ಕ್ ಆಗಿದ್ದು 1934ರಲ್ಲಿ. ನೋಡಲು ಇಬ್ಬರೂ ಇರಲಿಲ್ಲ ಅನ್ನುವುದು ನನಗೆ ಈಗಲೂ ಸಂಕಟದ ವಿಷಯ. 1961ರಲ್ಲಿ ಮೌಂಟ್ ಕೆಫಾರ್ಟ್ ಪಕ್ಕದ ಶಿಖರಕ್ಕೆ ಮಾಸಾನ ಹೆಸರಿಟ್ಟರು.

ತೊಡಕು ಇಲ್ಲೇ ಇದೆ. ಆ ಕಾಲದ ಚಿತ್ರಗಳಲ್ಲಿ ಎರಡು ಥರದ ಬೋಳು ಕಾಣುತ್ತದೆ. ಒಂದು, ಹುಲ್ಲಿನ ನೆತ್ತಿ. ಇನ್ನೊಂದು, ಕಂಪನಿ ಕಡಿದು ಬೊಡ್ಡೆ ಬಿಟ್ಟುಹೋದ ಇಳಿಜಾರು. ಕಪ್ಪು-ಬಿಳುಪಿನಲ್ಲಿ ದೂರದಿಂದ ಎರಡೂ ಒಂದೇ ಬೂದು ಬಣ್ಣ. ಕನ್ನಡದಲ್ಲಿ ‘ಬೋಳು ಗುಡ್ಡ’ ಅಂದಕೂಡಲೇ ಕಾಡು ಕಳೆದುಕೊಂಡ ಗುಡ್ಡವೇ ಕಣ್ಣಿಗೆ ಬರುತ್ತದೆ. ಉಳಿಸಬೇಕಾದ ಬಯಲಿಗೂ ಹಾಳಾದ ಇಳಿಜಾರಿಗೂ ಒಂದೇ ಪದ ಹಾಕಿದರೆ ಮಾಸಾ ಪಟ್ಟ ಪಾಡೇ ತಲೆಕೆಳಗಾಗುತ್ತದೆ.

ನನ್ನ ಒಲವು ‘ಬೇಣ’ದ ಕಡೆಗೆ. ಶಿರಸಿ ಸುತ್ತಮುತ್ತ ಬೆಟ್ಟ-ಬೇಣ ಅಂತ ಜೊತೆಯಾಗಿ ಹೇಳುತ್ತೇವೆ. ಬೇಣ ಅಂದರೆ ದನ ಮೇಯುವ, ಕರಡ ಕೊಯ್ಯುವ ಹುಲ್ಲಿನ ಜಾಗ. ಹುಲ್ಲು, ದನ, ಮನುಷ್ಯರ ಓಡಾಟ ಎಲ್ಲ ಆ ಪದದಲ್ಲೇ ಇದೆ. ಆದರೆ ಬೆಟ್ಟದ ನೆತ್ತಿಯೇ ಆಗಬೇಕೆಂದಿಲ್ಲ, ಮನೆತನದ ಹಕ್ಕಿನ ವಾಸನೆಯೂ ಇದೆ. ಕೊಡಗಿನ ‘ಬಾಣೆ’ಯಲ್ಲಿ ಮರ ಇರುತ್ತವೆ, ಹಾಗಾಗಿ ಬಿಟ್ಟೆ. ‘ಹುಲ್ಲುಗಾವಲು’ ತೀರಾ ಸಪ್ಪೆ. ಬೇಣಕ್ಕೆ ನೆತ್ತಿ ಸೇರಿಸಿ ‘ನೆತ್ತಿಬೇಣ’ ಅಂದರೆ ಹೇಗೆ? ಚಿಕ್ಕಮಗಳೂರು, ಕುದುರೆಮುಖದ ಕಡೆಯವರು ಶೋಲಾ ಕಾಡಿನ ಮೇಲಿನ ಹುಲ್ಲಿನ ಬಯಲಿಗೆ ಮನೆಮಾತಿನಲ್ಲಿ ಏನಂತೀರಿ?

ಕಡಿದ ಇಳಿಜಾರಿಗೆ ‘ಕೂಪು’ ಬಳಸೋಣ ಅಂತಿದ್ದೇನೆ. ನಿಮ್ಮ ಕಡೆ ಕೂಪು ಅಂದರೆ ಮರ ಕಡಿಯುವಾಗಿನ ಜಾಗ ಮಾತ್ರವೋ, ಲಾರಿ ಹೋಗಿ ವರ್ಷಗಳಾದ ಮೇಲೂ ಆ ಜಾಗವನ್ನು ಕೂಪು ಅಂತಲೇ ಕರೆಯುತ್ತೀರೋ?