ಅಪ್‌ಡೇಟ್: ರಜೆ ಬಿಟ್ಟುಕೊಟ್ಟು ಹೊಸ ಕೆಲಸಕ್ಕೆ ಹೋಗಲಾ ಅಂತ ಕೇಳಿದ್ದೆನಲ್ಲ
ಹೋದ ತಿಂಗಳು ಕೇಳಿದ್ದೆ: ಈಗಿನ ಕೆಲಸದಲ್ಲಿ ವರ್ಷಕ್ಕೆ 27 ದಿನ ರಜೆ, ಹೊಸ ಕಡೆ 15. ಸಂಬಳ ಮಾತ್ರ ನೂರಕ್ಕೆ 18ರಷ್ಟು ಜಾಸ್ತಿ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

'ರಜೆಯನ್ನೂ ದುಡ್ಡಾಗಿ ಲೆಕ್ಕ ಹಾಕಿ' ಅಂದಿದ್ದರು ಒಬ್ಬರು. ಹಾಕಿದೆ. ವಾರಕ್ಕೆ 5 ದಿನದಂತೆ ವರ್ಷಕ್ಕೆ ಸುಮಾರು 260 ಕೆಲಸದ ದಿನ. 12 ದಿನ ಹೋದರೆ ಹೊಸ ಸಂಬಳದಲ್ಲಿ ನೂರಕ್ಕೆ 4.6 ಕಳೆದ ಹಾಗೆ. ಇಷ್ಟೇನಾ ಅನ್ನಿಸಿತು. ಆಮೇಲೆ ಆಫರ್ ಲೆಟರ್ ಇನ್ನೊಮ್ಮೆ ಓದಿದೆ. ಮೊದಲ 6 ತಿಂಗಳು ಪ್ರೊಬೇಷನ್, ಆಗ ಸಂಬಳದ ರಜೆಯೇ ಇಲ್ಲ. ಉಳಿದ ರಜೆ ಮುಂದಿನ ವರ್ಷಕ್ಕೆ ಸೇರುವುದಿಲ್ಲ. ವಿಮೆ ನನಗೊಬ್ಬನಿಗೆ, ಮನೆಯವರನ್ನು ಸೇರಿಸಿದರೆ ಪ್ರೀಮಿಯಂ ನನ್ನ ಕೈಯಿಂದ. ಎಲ್ಲ ಕಳೆದರೆ 18 ಅನ್ನುವುದು 7ರ ಹತ್ತಿರ ಬಂತು. ಸಣ್ಣ ಅಕ್ಷರ ಓದದೆ ಸುಮ್ನೆ ಕುಣಿದಾಡಿದ್ದೆ, ಅಲ್ವಾ!

ಎಚ್‌ಆರ್‌ಗೆ ಫೋನ್ ಮಾಡಿದೆ. ಅಂಗೈ ಬೆವರಿ ಫೋನ್ ಜಾರುತ್ತಿತ್ತು. 'ಸಂಬಳ ಏರಿಸುವುದು ಕಷ್ಟ ಅಂದರೆ ರಜೆಯನ್ನಾದರೂ ಕೊಡಿ' ಅಂದೆ. ಎರಡು ದಿನ ಸುದ್ದಿಯೇ ಇಲ್ಲ. ಮೂರನೇ ದಿನ '20 ದಿನ ಕೊಡಬಹುದು' ಅಂದರು. ಬಾಯಿಮಾತು ಬೇಡ, ಲೆಟರ್‌ನಲ್ಲೇ ಹಾಕಿ ಅಂದೆ. ಹಾಕಿದರು. ವಿಮೆಗೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಒಪ್ಪಿಕೊಂಡೆ. ದುಡ್ಡಿಗಿಂತ ಕೆಲಸವೇ ಇಷ್ಟವಾಗಿತ್ತು, ಅದನ್ನು ಮೊದಲೇ ಹೇಳಬೇಕಿತ್ತು. ಹಳೆ ಕಡೆ ಬಾಕಿ ಇರುವ 11 ದಿನದ ರಜೆ ಕೊನೆ ಸಂಬಳದ ಜೊತೆ ದುಡ್ಡಾಗಿ ಬರುತ್ತದೆ. ನಡುವೆ ಒಂದು ವಾರ ಬಿಟ್ಟು ಸೇರುತ್ತೇನೆ. ಆ ವಾರ ಪೂರ್ತಿ ನಿದ್ದೆ.