‘ಧರ್ಮಾಸ್ಪತ್ರೆ’ಯ ಧರ್ಮ ಯಾರದು?

ಬಲ್ಲವರಿಗೆ ನಮಸ್ಕಾರ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಸರಕಾರಿ ಆಸ್ಪತ್ರೆಗಳು ಯಾರ ದುಡ್ಡಿನಲ್ಲಿ ನಡೆದವು ಎಂದು ಬರೆಯಲು ಹೊರಟಿದ್ದೇನೆ. ‘ಧರ್ಮಾಸ್ಪತ್ರೆ’ ಎಂಬ ಪದ ಅಡ್ಡ ನಿಂತಿದೆ. ನಿಘಂಟಿನ ಅರ್ಥ ಹಿಡಿದರೆ ಅದು ದಾನದಿಂದ ನಡೆಯುವ ಆಸ್ಪತ್ರೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ದಾನದ ಹೆರಿಗೆ ಆಸ್ಪತ್ರೆಗೆ ಆ ಹೆಸರು ಹೇಳಿ ಮಾಡಿಸಿದ ಹಾಗಿದೆ. ಆದರೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಸರಕಾರದ್ದೂ ಧರ್ಮಾಸ್ಪತ್ರೆಯೇ.

ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆ 1848ರದ್ದು, ಕಂಪೆನಿ ಸರಕಾರದ ಕಾಲ. ಹೆಸರು ಆಮೇಲೆ ಬಂದ ಮದರಾಸು ಗವರ್ನರರದು. ಹಳ್ಳಿಗಳ ಕತೆ ಬೇರೆ. 1871ರ ಮದರಾಸು ಲೋಕಲ್ ಫಂಡ್ ಕಾಯಿದೆ ಭೂಮಿಯ ಮೇಲೆ ರೂಪಾಯಿಗೆ ಒಂದಾಣೆ ಮೀರದಂತೆ ಸೆಸ್ಸು ಹಾಕಲು ಅವಕಾಶ ಕೊಟ್ಟಿತು. ರಸ್ತೆ, ಶಾಲೆ, ಡಿಸ್ಪೆನ್ಸರಿ ಎಲ್ಲಕ್ಕೂ ಅದೇ ಗಂಟು. 1884ರ ಕಾಯಿದೆಯಿಂದ ಈ ಕೆಲಸ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಕೈಗೆ ಬಂತು. ರೋಗಿ ಮನೆಯಿಂದ ತಂದ ಬಾಟ್ಲಿಗೆ ಕಂಪೌಂಡರ್ ಕೆಂಪು ಮಿಕ್ಶ್ಚರು ಸುರಿದು, ಹೊತ್ತಿಗೆಷ್ಟು ಎಂದು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದನಲ್ಲ, ಅದರ ಬೆಲೆಯಲ್ಲಿ ತೀರ್ವೆ ಕಟ್ಟಿದ ವರ್ಗದಾರನ, ಅಂದರೆ ಜಮೀನಿನ ಒಡೆಯನ, ಪಾಲೂ ಇತ್ತು. ಅವನು ಅದನ್ನು ಗೇಣಿಯಲ್ಲೇ ಹಿಂದಕ್ಕೆ ಪಡೆದಿದ್ದರೆ ಒಕ್ಕಲಿನದೇ ಪಾಲು. ಇದರಲ್ಲಿ ಧರ್ಮ ಎಲ್ಲಿ ಬಂತು?

ನನ್ನ ಊಹೆ: ಇಲ್ಲಿ ಧರ್ಮ ಅಂದರೆ ದಾನವಲ್ಲ, ಪುಕ್ಕಟೆ. ‘ಧರ್ಮಕ್ಕೆ ಸಿಕ್ಕಿದ್ದು’ ಎನ್ನುತ್ತೇವಲ್ಲ, ಆ ಧರ್ಮ. (ಧರ್ಮದೇಟನ್ನೂ ಯಾರೂ ಪುಣ್ಯಕ್ಕೆಂದು ಕೊಡುವುದಿಲ್ಲ.) ಕೊಟ್ಟವರು ಯಾರೆಂದು ಪದಕ್ಕೆ ಬೇಕಿಲ್ಲ, ಪಡೆದವನ ಕಿಸೆ ಖಾಲಿಯಾಗಲಿಲ್ಲ ಎಂಬುದಷ್ಟೇ ಸಾಕು. ಹಾಗಾದರೆ ಈಗ ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಲೆಕ್ಕಕ್ಕೆ ಹೋಗುವ ಬಳಕೆದಾರರ ಶುಲ್ಕ ಬಂದ ಮೇಲೆ ಪದ ಸವೆದದ್ದೂ ಸಹಜವೇ. ಇನ್ನು ವೆನ್ಲಾಕ್ ಮತ್ತು ಮಂಗಳೂರಿನದೇ ಸರಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್‌ಗಳಲ್ಲಿ 1950ರ ದಶಕದಿಂದ ಖಾಸಗಿ ವೈದ್ಯಕೀಯ ಕಾಲೇಜಿನವರೂ ಸೇರಿಕೊಂಡದ್ದಕ್ಕೆ ಯಾವ ಹೆಸರು ಹೊಂದೀತೋ, ಅದು ಇನ್ನೊಂದು ಚರ್ಚೆ.

ಊಹೆಗೆ ಒಂದು ತೊಡಕಿದೆ. ಮಲಯಾಳಂ, ತೆಲುಗು, ತಮಿಳುಗಳಲ್ಲೂ ಇದೇ ಪದ ಸರಕಾರಿ ಆಸ್ಪತ್ರೆಗೆ ನಡೆಯುತ್ತದೆ. ಮೂರೂ, ನಮ್ಮ ಜಿಲ್ಲೆಯ ಹಾಗೆ, ಮದರಾಸು ಪ್ರಾಂತದ ನೆರಳಿನ ಭಾಷೆಗಳು. ಹಾಗಿದ್ದರೆ ಇದು ಜನ ಕಟ್ಟಿದ ಪದವೋ, ಮದರಾಸಿನ ಕಚೇರಿಯಿಂದ ಇಳಿದದ್ದೋ?

ಒರೆಗೆ ಹಚ್ಚಲು ಒಂದು ದಾರಿ ಕಾಣುತ್ತದೆ. ಉತ್ತರ ಕನ್ನಡ 1862ರಲ್ಲೇ ಮುಂಬಯಿ ಪ್ರಾಂತಕ್ಕೆ ಹೋಯಿತು, ಅಂದರೆ ಲೋಕಲ್ ಫಂಡ್ ಕಾಯಿದೆಗೂ ಮೊದಲು. ಬಳ್ಳಾರಿ 1953ರವರೆಗೂ ಮದರಾಸಿನಲ್ಲಿತ್ತು. ಕುಮಟಾ, ಕಾರವಾರದ ಕಡೆಯವರೇ, ನಿಮ್ಮಲ್ಲಿ ಅಜ್ಜ ಅಜ್ಜಿಯರು ಧರ್ಮಾಸ್ಪತ್ರೆ ಎನ್ನುತ್ತಿದ್ದರೋ, ದವಾಖಾನೆಯೋ? ಬಳ್ಳಾರಿಯವರೂ ಹೇಳಿ. ಹಳೆ ಮೈಸೂರಿನವರ ಮನೆಮಾತಿನಲ್ಲಿ ಈ ಪದವಿದ್ದರೆ ಇದು ಮದರಾಸಿನಿಂದ ಇಳಿದದ್ದೆಂಬ ವಾದ ಅಲ್ಲಿಗೇ ಬಿತ್ತು. ‘ಬೋರ್ಡು ಶಾಲೆ’ ಇದ್ದ ಹಾಗೆ ‘ಬೋರ್ಡಾಸ್ಪತ್ರೆ’ ಎಂಬುದನ್ನು ಯಾರಾದರೂ ಕೇಳಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ.